ಅಂಗಿಯ ಒಳಗೆ

ಪಿ.ಟಿ. ಪೀರಿಯಡ್‌ನಲ್ಲಿ ಮೈದಾನ ಎರಡು ಸುತ್ತು ಓಡುವಷ್ಟರಲ್ಲಿ ಅಭಯ್ ಕುಸಿದುಬಿದ್ದ. ಶಾಲೆಯಿಂದ ಫೋನ್ ಬಂದಾಗ ಅವನ ಅಮ್ಮ ಸರಳಾ ಮುಂಬೈಯ ಫೋರ್ಟ್‌ನ ಬ್ಯಾಂಕಿನಲ್ಲಿದ್ದಳು. ಅಲ್ಲಿಂದ ಠಾಣೆ ಊರಿನ ಶಾಲೆಗೆ ಬರಲು ಒಂದೂವರೆ ಗಂಟೆ ಬೇಕು. ಹಾಗಾಗಿ ಅಪ್ಪ ಸತ್ಯನಾರಾಯಣನೇ ಆಫೀಸಿನಿಂದ ರಿಕ್ಷಾ ಹಿಡಿದು ಓಡಿದ. ಎಂಟನೇ ಕ್ಲಾಸಿನ ಮಗ ಸ್ಟಾಫ್ ರೂಮಿನ ಬೆಂಚಿನ ಮೇಲೆ ಎರಡೂ ಕೈ ಎದೆಗೆ ಕಟ್ಟಿಕೊಂಡು ಕೂತಿದ್ದ. ಅಕ್ಟೋಬರ್ ತಿಂಗಳ ಬಿಸಿಲು ಉರಿಯುತ್ತಿತ್ತು. ಹುಡುಗನ ತುಟಿ ಬಿಳಿಚಿತ್ತು.

“ಖಾತೇ ಪೀತೇ ಘರ್ ಕಾ ಲಡ್ಕಾ, ಇಷ್ಟು ದಪ್ಪಗಿದ್ದೂ ಇಷ್ಟಕ್ಕೇ ಬಿದ್ದುಬಿಟ್ಟ,” ಎಂದು ಪಿ.ಟಿ. ಮಾಸ್ತರರು ನಕ್ಕರು. ಸತ್ಯನಾರಾಯಣನೂ ನಗುಮುಖ ಮಾಡಿ, ಮಗನನ್ನು ಘೋಡಬಂದರ್ ರಸ್ತೆಯ ಡಾಕ್ಟರ್ ಸುಗುಣಾ ಅವರ ಕ್ಲಿನಿಕ್ಕಿಗೆ ಕರೆತಂದ.

“ಬೆಳಿಗ್ಗೆ ಎಂತ ತಿಂದಿದ್ದೆ?” ಡಾಕ್ಟರ್ ಕೇಳಿದರು. ಅವರು ಮಂಗಳೂರಿನ ಕಡೆಯವರು.

“ಕುಛ್ ನಹೀ,” ಎಂದ ಅಭಯ್.

“ಅಮ್ಮ ಉಪ್ಪಿಟ್ಟು ಮಾಡಿಟ್ಟು ಹೋಗಿದ್ಳಲ್ಲೋ? ತಟ್ಟೆ ಖಾಲಿಯಾಗಿತ್ತಲ್ಲ?” ಎಂದು ಸತ್ಯನಾರಾಯಣ ಕೇಳಿದ. ಹುಡುಗ ತಲೆ ತಗ್ಗಿಸಿದ.

“ಇರ್ಲಿ. ಅಂಗಿ ಬಿಚ್ಚು, ಎದೆ ನೋಡುವ.”

ಅಭಯ್ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡ. “ನಹೀ. ಶರ್ಟ್ ಕೇ ಊಪರ್ ಸೇ ದೇಖೋ ನಾ, ಆಂಟಿ.”

“ಡಾಕ್ಟರ ಹತ್ರ ಎಂಥ ನಾಚಿಕೆನೋ?” ಎನ್ನುತ್ತ ಸತ್ಯನಾರಾಯಣ ತಾನೇ ಗುಂಡಿಗೆ ಕೈಹಾಕಿದ. ಮಗ ಆ ಕೈಯನ್ನು ಜೋರಾಗಿ ತಳ್ಳಿದ. ಅಪ್ಪನಿಗೆ ಎದುರಾಡಿಯೂ ಗೊತ್ತಿಲ್ಲದ ಹುಡುಗ ಅವನು. ತಳ್ಳಾಟದಲ್ಲಿ ಒಂದು ಗುಂಡಿ ಕಿತ್ತು ಟೇಬಲ್ಲಿನ ಕೆಳಗೆ ಉರುಳಿತು. ಅಂಗಿಯ ಒಳಗೆ ಬನಿಯನ್ ಇರಲಿಲ್ಲ. ಕ್ರೇಪ್ ಬ್ಯಾಂಡೇಜ್ ಇತ್ತು. ಹೋದ ವರ್ಷ ಸರಳಾಳ ಕಾಲು ಉಳುಕಿದಾಗ ತಂದದ್ದು. ಕಂಕುಳಿನಿಂದ ಹೊಟ್ಟೆಯ ಮೇಲಿನವರೆಗೆ ಆರೇಳು ಸುತ್ತು ಬಿಗಿದು, ಪಕ್ಕದಲ್ಲಿ ಸೇಫ್ಟಿ ಪಿನ್ ಚುಚ್ಚಿತ್ತು.

ಡಾಕ್ಟರ್ ಅಪ್ಪನಿಗೆ ದೂರ ನಿಲ್ಲುವಂತೆ ಕೈಸನ್ನೆ ಮಾಡಿ, ತಾವೇ ಒಂದೊಂದೇ ಸುತ್ತು ಬಿಡಿಸಿದರು. ಬೆವರುಸಾಲೆ ಎದ್ದಿತ್ತು. ಪಟ್ಟಿಯ ಅಂಚು ಒತ್ತಿದಲ್ಲೆಲ್ಲ ಕೆಂಪು ಗೆರೆ, ಒಂದು ಕಡೆ ಚರ್ಮವೇ ಸುಲಿದಿತ್ತು. ಕೆಳಗಿದ್ದದ್ದು ಹದಿಮೂರರ ಹುಡುಗನ ಕೊಂಚ ಊದಿದ ಎದೆ, ಅಷ್ಟೇ.

“ಯಾವಾಗಿನಿಂದ ಕಟ್ಟಿಕೊಳ್ತಿದ್ದಿ?”

“ಮೇ ಮಹೀನೇ ಸೇ.”

“ಮಲಗುವಾಗಲೂ?”

ಅಭಯ್ ಹೌದೆಂದು ತಲೆಯಾಡಿಸಿದ.

“ನೋಡು ಮಾರಾಯ, ಈ ಪ್ರಾಯದಲ್ಲಿ ಹುಡುಗರಿಗೂ ಎದೆ ಸ್ವಲ್ಪ ಊದಿಕೊಳ್ತದೆ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗ್ತದೆ. ನಿನ್ನ ಕ್ಲಾಸಿನಲ್ಲೇ ಇನ್ನೂ ಹತ್ತು ಜನ ಇರಬಹುದು. ಉಪವಾಸವೂ ಬೇಡ, ಈ ಪಟ್ಟಿಯೂ ಬೇಡ. ಹೊಟ್ಟೆಗಿಲ್ಲದೆ, ಸರಿಯಾಗಿ ಉಸಿರೂ ಎಳೆಯಲಾಗದೆ ನೀನು ಬಿದ್ದದ್ದು.”

ಅಭಯ್ ಮೊದಲ ಸಲ ತಲೆಯೆತ್ತಿದ. “ದಸ್ ಜನ? ಕೌನ್?”

“ಅದು ಹೇಗೆ ಗೊತ್ತಾಗ್ಬೇಕು? ಅವರೂ ನಿನ್ನ ಹಾಗೆಯೇ ಯಾರಿಗೂ ಹೇಳುವುದಿಲ್ಲ.”

ಡಾಕ್ಟರ್ ಚೀಟಿ ಬರೆಯತೊಡಗಿದರು. ಸತ್ಯನಾರಾಯಣ ಮಗನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, “ನನ್ನ ಹತ್ರ ಹೇಳೋದಲ್ವೇನೋ ಅಭೀ? ನಾನೇನು ಬೈತಿದ್ನಾ?”

ಮನೆಯಲ್ಲೂ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗ ಈಗ ಕನ್ನಡದಲ್ಲಿ ಹೇಳಿದ. “ಮೈಸೂರಲ್ಲಿ, ನನ್ನ ಮುಂಜಿ ದಿನ, ಹಯಗ್ರೀವ ಮಾವ ಎಲ್ರ ಮುಂದೆ ಅಂದ್ರಲ್ಲ, ವಟುಗೆ ಒಂದು ರವಿಕೆ ಹೊಲಿಸ್ಬೇಕಿತ್ತು ಅಂತ.”

“ಅಯ್ಯೋ, ಅವನು ತಮಾಷೆಗೆ ಅಂದಿದ್ದು ಕಣೋ...”

“ನೀನೂ ನಕ್ಕೆ ಅಪ್ಪ. ವಿಡಿಯೋದಲ್ಲಿ ಇದೆ.”

ಸತ್ಯನಾರಾಯಣನಿಗೆ ಹೋಮದ ಹೊಗೆ ನೆನಪಿತ್ತು, ಊಟದ ಪಂಕ್ತಿ ನೆನಪಿತ್ತು, ಪುರೋಹಿತರ ಅವಸರ ನೆನಪಿತ್ತು. ನಕ್ಕದ್ದು ನೆನಪಿರಲಿಲ್ಲ. ಯಾರೋ ಏನೋ ಅಂದಿದ್ದರು, ಎಲ್ಲರೂ ನಕ್ಕಿದ್ದರು, ತಾನೂ ನಕ್ಕಿರಬೇಕು. ಶಾಲೆ ಬಿಟ್ಟು ಬಂದ ಮೇಲೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಈ ಹುಡುಗ ಒಬ್ಬನೇ ಕೂತು ಆ ವಿಡಿಯೋವನ್ನು ಎಷ್ಟು ಸಲ ಹಾಕಿ ನೋಡಿದ್ದನೋ. ‘ತಪ್ಪಾಯ್ತು ಕಣೋ’ ಎನ್ನಬೇಕೆಂದು ಬಾಯಿ ತೆರೆದ. ಹೊರಬಂದದ್ದು, “ಏನಾದ್ರೂ ತಿಂತೀಯಾ?” ಎಂಬ ಮಾತು.

“ಘರ್ ಚಲೋ,” ಎಂದ ಅಭಯ್. ಅವನು ಮತ್ತೆ ಹಿಂದಿಗೆ ಹೋಗಿಬಿಟ್ಟಿದ್ದ.

ಮುಲಾಮಿನ ಚೀಟಿ ಹಿಡಿದು ಇಬ್ಬರೂ ರಸ್ತೆಗೆ ಬಂದರು. ಅಭಯ್ ಶಾಲೆಯ ಬ್ಯಾಗನ್ನು ಬೆನ್ನಿಗೆ ಹಾಕಲಿಲ್ಲ. ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಜನ ಹಾಕಿಕೊಳ್ಳುವ ಹಾಗೆ ಮುಂದಕ್ಕೆ ಹಾಕಿಕೊಂಡ. ಕೆಲವು ತಿಂಗಳಿಂದ ಅವನು ಓಡಾಡುತ್ತಿದ್ದದ್ದೇ ಹಾಗೆ. ‘ನನ್ನ ಮಗ ಪಕ್ಕಾ ಮುಂಬೈಯವನಾಗಿಬಿಟ್ಟ’ ಎಂದು ಸತ್ಯನಾರಾಯಣ ಆಫೀಸಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ.

“ಕೊಡು, ಬ್ಯಾಗ್ ನಾನು ಹಿಡ್ಕೋತೀನಿ.”

“ರೆಹ್ನೇ ದೋ,” ಎಂದು ಅಭಯ್ ಬ್ಯಾಗಿನ ಪಟ್ಟಿಗಳನ್ನು ಎಳೆದು ಬಿಗಿಮಾಡಿಕೊಂಡು ಮುಂದೆ ನಡೆದ. ಮಧ್ಯಾಹ್ನದ ಬಿಸಿಲಿಗೆ ಆ ಉದ್ದದ ಫುಟ್‌ಪಾತಿನ ಮೇಲೆ ಅವರಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.