ಹುಟ್ಟುಗುಣವೋ ಸಹವಾಸವೋ

ಲಿಫ್ಟಿನಿಂದ ಹೊರಬಂದ ತಂಗಿ, ಆಪರೇಷನ್ ಥಿಯೇಟರಿನ ಎದುರು ಕೂತಿದ್ದ ಅಕ್ಕನನ್ನು ಕಂಡವಳೇ ತಿರುಗಿ ಲಿಫ್ಟಿಗೇ ನುಗ್ಗಲು ನೋಡಿದಳು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

"ನೀನು ಬರಲ್ಲ ಅಂತ ಅಮ್ಮ ಹೇಳಿದ್ಲಲ್ಲ?" ಎಂದಳು ಅಕ್ಕ.

"ನಿಂಗೆ ಪುರುಸೊತ್ತಿಲ್ಲ ಅಂತ ನಂಗೂ ಹೇಳಿದ್ಲು."

ಐದು ವರ್ಷಗಳ ನಂತರ ಅಕ್ಕತಂಗಿಯರ ನಡುವೆ ನಡೆದ ಮೊದಲ ಮಾತು ಇದು. ಅಮ್ಮ ತನ್ನ ಕಣ್ಣಿನ ಪೊರೆಯ ನೆಪದಲ್ಲಿ ಇಬ್ಬರಿಗೂ ಟೋಪಿ ಹಾಕಿ, ತಾನು ಹಾಯಾಗಿ ಒಳಗೆ ಮಲಗಿದ್ದಳು.

ಇಬ್ಬರೂ ಖಗೋಳ ವಿಜ್ಞಾನಿಗಳು, ಇಬ್ಬರ ತಲೆ ಕೆಡಿಸಿದ್ದೂ ಒಂದೇ ವಿಷಯ. ನೂರಾರು ಗ್ಯಾಲಕ್ಸಿಗಳು ಗುಂಪು ಕಟ್ಟಿಕೊಂಡಿರುವ ಕಡೆ ಅವು ಮನಸ್ಸಿಗೆ ಬಂದ ಹಾಗೆ ಬಿದ್ದುಕೊಂಡಿರುವುದಿಲ್ಲ. ನಡುವಿನ ದೊಡ್ಡ ಗ್ಯಾಲಕ್ಸಿ ಮೊಟ್ಟೆಯ ಹಾಗೆ ಉದ್ದುದ್ದ. ಇಡೀ ಗುಂಪು ಯಾವ ಕಡೆಗೆ ಚಾಚಿಕೊಂಡಿದೆಯೋ ಸಾಮಾನ್ಯವಾಗಿ ಅದೂ ಅದೇ ಕಡೆಗೆ ಚಾಚಿರುತ್ತದೆ. ಯಾಕೆ? ಹುಟ್ಟುಗುಣ ಎನ್ನುತ್ತಿದ್ದಳು ಅಕ್ಕ: ಯಾವ ದಿಕ್ಕಿನಿಂದ ದ್ರವ್ಯ ಹರಿದು ಬಂತೋ ಆ ದಿಕ್ಕಿಗೇ ಅವು ಹುಟ್ಟಿದವು. ಸಹವಾಸ ಎನ್ನುತ್ತಿದ್ದಳು ತಂಗಿ: ಹೇಗೆಂದರೆ ಹಾಗೆ ಹುಟ್ಟಿದವನ್ನು ಗುಂಪಿನ ಸೆಳೆತ ಕೋಟಿ ಕೋಟಿ ವರ್ಷ ಎಳೆದೂ ಎಳೆದೂ ದಾರಿಗೆ ತಂದಿದೆ.

ಇಷ್ಟಕ್ಕೇ ಯಾರೂ ಮಾತು ಬಿಡುವುದಿಲ್ಲ. ಆದರೆ ಒಂದು ದೊಡ್ಡ ಸಮ್ಮೇಳನದಲ್ಲಿ ತಂಗಿ ಎದ್ದು ನಿಂತು, "ನಮ್ಮಕ್ಕ ಮಾಡ್ತಿರೋದು ವಿಜ್ಞಾನ ಅಲ್ಲ, ಗ್ಯಾಲಕ್ಸಿಗಳಿಗೆ ಜಾತಕ ಬರೆಯೋ ಕೆಲಸ" ಎಂದುಬಿಟ್ಟಳು. ಅಕ್ಕ ಮೈಕು ಬಿಡಲಿಲ್ಲ. "ಸಹವಾಸದಿಂದ ದಾರಿಗೆ ಬರೋದು ನಿಜವಾದ್ರೆ, ಮುಂದಿನ ಸಾಲಲ್ಲಿ ಗೊರಕೆ ಹೊಡೀತಿರೋ ಇವಳ ಗಂಡ ಇಷ್ಟೊತ್ತಿಗೆ ಬಂದಿರಬೇಕಿತ್ತು." ಸಭೆ ಚಪ್ಪಾಳೆ ತಟ್ಟಿತು. ಆ ಸದ್ದಿಗೆ ಎಚ್ಚರವಾದ ಗಂಡ ತಾನೂ ತಟ್ಟಿದ. ಅಂದಿನಿಂದ ಅಮ್ಮ ಒಬ್ಬಳನ್ನು ಶನಿವಾರ, ಇನ್ನೊಬ್ಬಳನ್ನು ಭಾನುವಾರ ಊಟಕ್ಕೆ ಕರೆಯುತ್ತಿದ್ದಳು.

ತಂಗಿ ಮೂರು ಕುರ್ಚಿ ಬಿಟ್ಟು ಕೂತಳು. ಬಹಳ ಹೊತ್ತು ಇಬ್ಬರೂ ಗೋಡೆಯ ಮೇಲಿನ ಕಣ್ಣುಗುಡ್ಡೆಯ ಚಿತ್ರ ನೋಡಿದರು.

"ನಿನ್ನ ಗಂಡ ಹೇಗಿದಾನೆ?"

"ಗೊರಕೆ ಸ್ವಲ್ಪ ಕಮ್ಮಿಯಾಗಿದೆ."

ಕೊನೆಗೆ ತಂಗಿ, ಕಹಿ ಔಷಧಿ ಗುಟುಕರಿಸುವವಳ ಮುಖ ಮಾಡಿಕೊಂಡು, "ಅಕ್ಕಾ, ಒಂದು ವಿಷಯ ಹೇಳ್ತೀನಿ. ನಕ್ಕರೆ ಎದ್ದು ಹೋಗ್ತೀನಿ" ಎಂದಳು. "ತುಂಬಾ ದೂರದ ಗುಂಪೊಂದನ್ನ ನೋಡ್ದೆ. ಅದರ ಬೆಳಕು ಹೊರಟು ಸಾವಿರ ಕೋಟಿ ವರ್ಷ ಆಗಿದೆ, ಅಂದ್ರೆ ನಾನು ನೋಡಿದ್ದು ಅದರ ಎಳೇತನ. ಗುಂಪಿಗಿನ್ನೂ ಹಾಲುಹಲ್ಲು ಕೂಡ ಬಿದ್ದಿಲ್ಲ, ಆಗಲೇ ನಡುವಿನ ದೊಡ್ಡದು ನೆಟ್ಟಗೆ ಸಾಲು ಹಿಡಿದು ಕೂತಿದೆ. ನೀನು ಹೇಳಿದ್ದೇ ಸರಿ. ಹುಟ್ಟುಗುಣ."

ಅಕ್ಕ ನಗಲಿಲ್ಲ. ಅವಳ ಮುಖ ಸಪ್ಪಗಾಯಿತು.

"ಹಾಗನ್ಬೇಡ ಕಣೇ."

"ಯಾಕೆ?"

"ಹೋದ ತಿಂಗಳಷ್ಟೇ, ನೀನು ಹೇಳಿದ್ದೇ ಸರಿ ಅಂತ ಪೇಪರ್ ಬರೆದು ಕಳಿಸಿಬಿಟ್ಟಿದೀನಿ." ಅಕ್ಕ ತಲೆ ತಗ್ಗಿಸಿದಳು. "ಕಂಪ್ಯೂಟರಲ್ಲಿ ಬೇಕೂಂತ್ಲೇ ಗ್ಯಾಲಕ್ಸಿಗಳನ್ನ ಅಡ್ಡಾದಿಡ್ಡಿ ಎಸೆದೆ. ಎಷ್ಟು ಸಲ ಎಸೆದರೂ ಗುಂಪಿನ ಸೆಳೆತ ಅವನ್ನ ಎಳೆದು ನೆಟ್ಟಗೆ ಮಾಡ್ತು."

"ನಿನ್ನ ಕಂಪ್ಯೂಟರಿಗೆ ತಲೆ ಇಲ್ಲ! ಎಳೆದು ನೆಟ್ಟಗೆ ಮಾಡೋಕೆ ಕಾಲ ಬೇಡ್ವಾ? ನಾನು ಕಣ್ಣಾರೆ ನೋಡಿದೀನಿ ಅಂತ ಹೇಳ್ತಿದೀನಿ!"

"ಒಂದೇ ಒಂದು ಗುಂಪು ನೋಡ್ಕೊಂಡು ಬಂದು ಕುಣೀಬೇಡ."

"ಅವತ್ತು ಇದೇ ಮಾತು ನಾನು ನಿಂಗೆ ಹೇಳಿದ್ದೆ!"

"ನೀನು ಹೇಳಿದ್ದೆ ಕಣೇ. ಈಗ ಒಪ್ಕೊಂಡಿದೀನಲ್ಲ!"

"ಒಪ್ಕೋಬೇಡ! ನೆಮ್ಮದಿಯಾಗಿ ಸೋಲೋಕೂ ಬಿಡಲ್ವಲ್ಲ ನೀನು!"

ನಡುವಿನ ಕುರ್ಚಿಗಳು ಯಾವಾಗ ಮುಗಿದವೋ ಇಬ್ಬರಿಗೂ ಗೊತ್ತಾಗಲಿಲ್ಲ. ತಂಗಿ ಔಷಧಿ ಚೀಟಿಯ ಹಿಂಬದಿಗೆ ಮೊಟ್ಟೆಗಳನ್ನು ಬರೆದಳು. ಅಕ್ಕ ಪೆನ್ನು ಕಿತ್ತುಕೊಂಡು ಅವನ್ನೆಲ್ಲ ಬೇರೆ ಕಡೆಗೆ ವಾಲಿಸಿದಳು. ಪೆನ್ನಿಗಾಗಿ ಮೊಣಕೈ ಯುದ್ಧ ಶುರುವಾಗುವಷ್ಟರಲ್ಲಿ ಥಿಯೇಟರಿನ ಬಾಗಿಲು ತೆರೆದು ನರ್ಸ್ ತಲೆ ಹೊರಹಾಕಿದಳು.

"ಮೇಡಂ, ಒಳಗೆ ಕಣ್ಣಿನ ಆಪರೇಷನ್ ನಡೀತಿದೆ. ನಿಮ್ಮ ಗಲಾಟೆಗೆ ಡಾಕ್ಟರ ಕೈ ಅಲ್ಲಾಡಿದ್ರೆ ಯಾರು ಹೊಣೆ?"

"ಇವಳು" ಎಂದರು ಇಬ್ಬರೂ, ಒಬ್ಬರನ್ನೊಬ್ಬರು ತೋರಿಸಿ. ಆಮೇಲಿನ ಜಗಳ ಪಿಸುಮಾತಿನಲ್ಲಿ ನಡೆಯಿತು. ನಡುವೆ ಒಮ್ಮೆ ಅಕ್ಕನಿಗೆ ನಗು ಬಂತು. ಅದನ್ನು ಕಂಡು ತಂಗಿಗೂ ಬಂತು. ಆದರೆ ವಾದ ಮಾತ್ರ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ನರ್ಸ್ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಳು. ಒಂದು ಕಣ್ಣಿನ ಮೇಲೆ ಬಿಳಿ ಪಟ್ಟಿ. ಮರಗಟ್ಟಿಸಿದ್ದು ಕಣ್ಣನ್ನು ಮಾತ್ರ, ಕಿವಿಯನ್ನಲ್ಲ. ಹೊರಗಿನ ಒಂದೊಂದು ಮಾತೂ ಅವಳಿಗೆ ಕೇಳಿಸಿತ್ತು.

"ನೋವಾಯ್ತೇನಮ್ಮಾ?" ಇಬ್ಬರೂ ಒಟ್ಟಿಗೇ ಬಗ್ಗಿ ಕೇಳಿದರು.

ಅಮ್ಮ ನರ್ಸ್ ಕಡೆ ತಿರುಗಿ, "ಇನ್ನೊಂದು ಕಣ್ಣಿಗೆ ಆಪರೇಷನ್ ಯಾವತ್ತಮ್ಮ?" ಎಂದಳು.

"ಅದು ಚೆನ್ನಾಗಿದೆ ಅಜ್ಜಿ. ಅದಕ್ಕೆ ಪೊರೆ ಬಂದೇ ಇಲ್ಲ."

ಅಮ್ಮ ಆ ಚೆನ್ನಾಗಿದ್ದ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಳು.

"ನಂಗೇನೂ ಕಾಣ್ತಿಲ್ಲ. ಮುಂದಿನ ವಾರಕ್ಕೇ ಬರ್ಕೊಂಡ್ಬಿಡು."