ಬೆಳ್ಳಗೆ ತೊಳೆದ ಕಲ್ಲು

೨೦೨೪ನೇ ಇಸವಿ ಮಾರ್ಚ್ ೧೭, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಿತ್ತಲಿನ ತೊಟ್ಟಿಯಲ್ಲಿ, ಎರಡನೇ ಸಲ ತಂದುಬಿಟ್ಟ ಮೂವತ್ತು ಮೀನಿನ ಮರಿಗಳಲ್ಲಿ ಇಪ್ಪತ್ತೆಂಟನೆಯದು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಸಿಸ್ಟರ್ ಅದನ್ನು ಜಾಲರಿಯಲ್ಲಿ ಎತ್ತಿ, ಕಿವಿರು ಬಿಡಿಸಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡರು: ಮರಣದ ಕಾರಣ ತಿಳಿದಿಲ್ಲ.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕ್ರಿಮಿಶುದ್ಧ ಮಾಡುವ ಕೋಣೆಗೆ ಇಪ್ಪತ್ತಾರು ವರ್ಷದಿಂದ ಅವರೇ ಮುಖ್ಯಸ್ಥೆ. ಅವರ ಕೈ ದಾಟಿ ಒಂದು ಕ್ರಿಮಿಯೂ ಜೀವಸಹಿತ ಆಚೆ ಹೋಗಿಲ್ಲ ಎಂಬುದನ್ನು ಆಸ್ಪತ್ರೆಯೇ ಒಪ್ಪುತ್ತಿತ್ತು. ದಿನಕ್ಕೆರಡು ಬಾರಿ ಅವರೇ ನೆನಪಿಸುತ್ತಿದ್ದುದರಿಂದ ಯಾರೂ ಮರೆಯುವ ಹಾಗೂ ಇರಲಿಲ್ಲ. ಇಂಥವರು ಮೀನನ್ನೂ ಸೊಪ್ಪನ್ನೂ ಒಂದೇ ನೀರಿನಲ್ಲಿ ಬೆಳೆಸುವ ವಿದ್ಯೆಗೆ ಕೈ ಹಾಕಿದ್ದರು. ಕೆಳಗೆ ಮೀನಿನ ತೊಟ್ಟಿ. ಮೇಲೆ ಸಣ್ಣ ಕಲ್ಲು ತುಂಬಿದ ಅಗಲವಾದ ಬಾನಿ, ಅದರಲ್ಲಿ ಪಾಲಕ್. ಪಂಪು ನೀರನ್ನು ಮೇಲೆತ್ತುತ್ತದೆ, ನೀರು ಕಲ್ಲುಗಳ ನಡುವೆ ಸೋಸಿ ಕೆಳಗಿಳಿಯುತ್ತದೆ. ಮೀನಿನ ಹೊಲಸು ಸೊಪ್ಪಿಗೆ ಊಟ, ಸೊಪ್ಪು ಹೀರಿಕೊಂಡ ಮೇಲೆ ಉಳಿದ ನೀರು ಮೀನಿಗೆ ಹಿತ. ವಿಡಿಯೋದಲ್ಲಿ ಇದೆಲ್ಲ ಹನ್ನೊಂದು ನಿಮಿಷಕ್ಕೆ ಮುಗಿದಿತ್ತು, ಹಿನ್ನೆಲೆ ಸಂಗೀತವೂ ಸೇರಿ.

ತೊಟ್ಟಿ ಕೂತಿದ್ದ ಹಿತ್ತಲಿನ ಆ ಮೂಲೆ ನ್ಯಾಯವಾಗಿ ಗಂಡನದು. ಅವರು ಮನೆಯಲ್ಲೇ ಹೊಲಿಯುವ ದರ್ಜಿ. ಊಟದ ಮೇಜಿನ ಮೇಲೆ ಬಟ್ಟೆ ಕತ್ತರಿಸುವುದು, ಊಟದ ಹೊತ್ತಿಗೆ ಸುತ್ತಿಡುವುದು, ಅನ್ನದಗುಳಿನಲ್ಲಿ ನೂಲು, ಅಂಗಿಯ ಕಾಲರಿನಲ್ಲಿ ಅನ್ನದಗುಳು, ಹೀಗೆ ಹದಿನೈದು ವರ್ಷ. ಕೊನೆಗೊಂದು ಹೊಲಿಗೆ ಕೋಣೆ ಕಟ್ಟಲು ತಗಡು, ಮರ ಎಲ್ಲ ಹೊಂದಿಸಿದ ಮೇಲೆ ಸಿಸ್ಟರ್ ಅಡ್ಡ ಬಂದಿದ್ದರು: "ತೊಂಬತ್ತು ದಿನ ಕೊಡಿ. ಒಂದು ಹಿಡಿ ಸೊಪ್ಪು ಬರದೇ ಹೋದ್ರೆ ಜಾಗ ನಿಮ್ದು." ಇವತ್ತು ತೊಂಬತ್ತನೆಯ ದಿನ. ಪಾಲಕ್ ಕಾಮಾಲೆಯಾದವರ ಹಾಗೆ ಹಳದಿಯಾಗಿ, ಎರಡೆರಡು ಎಲೆಗೇ ಸುಸ್ತಾಗಿ ಕೂತಿತ್ತು.

"ಹೇಗಿದೆ ಪೇಷಂಟು?" ಗಂಡ ಟೀ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದರು.

"ಹೋಯ್ತು."

"ಪಾಪ. ಆದ್ರೂ ಎಷ್ಟು ಶುಚಿಯಾಗಿ ಹೋಯ್ತು ನೋಡು."

"ನೋಡ್ರೀ, ಬೆಳಿಗ್ಗೆ ಬೆಳಿಗ್ಗೆ ನನ್ನ ಬಾಯಿ ಬಿಡಿಸ್ಬೇಡಿ."

ಅಷ್ಟರಲ್ಲಿ ಮರಿ ಮಾರುವಾತ ಬಂದ. ಕೈಯಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮೂರನೇ ಸಲದ ಮೂವತ್ತು ಮರಿ. ಇಷ್ಟು ಬೇಗ ಬೇಗ ಮರಿ ಬೇಕಾಗುವ ಮನೆಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಅವನೂ ಕಾದಿದ್ದ. ಚೀಲ ಕೆಳಗಿಟ್ಟು, ಬಾನಿಯೊಳಗೆ ಬಗ್ಗಿ ನೋಡಿದ.

"ಏನಮ್ಮಾ, ಕಲ್ಲು ಇಷ್ಟು ಬೆಳ್ಳಗಿದೆ! ಹೊಸದಾಗಿ ಹಾಕಿದ್ರಾ?"

"ಹೊಸದೇನಲ್ಲ. ಪ್ರತಿ ಶನಿವಾರ ಎಲ್ಲಾ ತೆಗೆದು ಬ್ಲೀಚಿಂಗ್ ಪುಡಿ ನೀರಲ್ಲಿ ನೆನೆಹಾಕ್ತೀನಿ. ಏಳು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ ವಾಪಸ್ ತುಂಬ್ತೀನಿ. ಮೂಸಿ ನೋಡಿ ಬೇಕಾದ್ರೆ, ಒಂಚೂರು ವಾಸನೆ ಇದ್ರೆ ಹೇಳಿ." ಹೊಗಳಿಕೆಗಾಗಿ ಒಂದು ಕ್ಷಣ ಕಾದರು. ಬರಲಿಲ್ಲ. "ಇಲ್ದೇ ಹೋದ್ರೆ ವಾರದಲ್ಲಿ ಏನೋ ಕಂದು ಲೋಳೆ ಕಟ್ಟುತ್ತೆ. ಥೂ, ಅಸಹ್ಯ."

ಆತ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟ. "ಆ ಲೋಳೇನೇ ಅಮ್ಮಾ ಎಲ್ಲಾ ಕೆಲಸ ಮಾಡೋದು! ಮೀನಿನ ಹೊಲಸು ನೀರಲ್ಲಿ ಹಾಗೇ ನಿಂತ್ರೆ ಮೀನಿಗೇ ವಿಷ. ಲೋಳೇಲಿರೋ ಕ್ರಿಮಿ ಅದನ್ನ ತಿಂದು ಗಿಡಕ್ಕೆ ಗೊಬ್ಬರ ಮಾಡುತ್ತೆ. ಅದು ಕಲ್ಲಲ್ಲಿ ಬೇರೂರೋಕೇ ಒಂದೂವರೆ ತಿಂಗಳು ಬೇಕು. ನೀವು ವಾರವಾರ ಹಿಡಿದು ಕೊಂದ್ರೆ?" ತನ್ನ ಚೀಲದತ್ತ ನೋಡಿ, "ನಾನಿದನ್ನ ಹೇಳ್ಬಾರದಿತ್ತು ಬಿಡಿ. ನೀವು ತೊಳೀತಾ ಇದ್ರೆ ನನ್ನ ವ್ಯಾಪಾರ ಚೆನ್ನಾಗಿತ್ತು" ಎಂದ.

ಸಿಸ್ಟರ್ ಪುಸ್ತಕ ತೆರೆದರು. ಆ ಹೊಲಸಿನ ವಿಷವೇ ಆದ ಅಮೋನಿಯಾದ ಹದಿಮೂರು ವಾರದ ಗ್ರಾಫು: ಭಾನುವಾರದಿಂದ ಶುಕ್ರವಾರದವರೆಗೆ ಏರುವ ಕೆಂಪು ಗೆರೆ, ಶನಿವಾರ ನೀರು ಬದಲಿಸಿದಾಗ ಇಳಿತ, ಮತ್ತೆ ಏರು. ಒಂದು ದಿನವೂ ತಪ್ಪಿಲ್ಲ, ಒಂದು ಚುಕ್ಕೆಯೂ ಆಚೀಚೆ ಇಲ್ಲ. ಪಠ್ಯಪುಸ್ತಕಕ್ಕೆ ಹಾಕಬಹುದಾದಷ್ಟು ಚೊಕ್ಕ. ಅರ್ಥವೊಂದನ್ನು ಬಿಟ್ಟು ಎಲ್ಲವನ್ನೂ ಅವರು ಬರೆದಿಟ್ಟಿದ್ದರು. ನರ್ಸಿಂಗ್ ಓದುವಾಗ ಈ ಕ್ರಿಮಿಗಳ ಪಾಠದಲ್ಲಿ ತರಗತಿಗೇ ಮೊದಲು ಬಂದದ್ದು ಈಗ ನೆನಪಾಗಬಾರದಿತ್ತು, ಆಯಿತು.

"ಅಂದ್ರೆ," ಗಂಡ ಟೀ ಹೀರಿದರು, "ಕ್ರಿಮಿ ಸಾಕೋ ಕೆಲಸಕ್ಕೆ ಊರಲ್ಲಿ ಬೇರೆ ಯಾರೂ ಸಿಗದ ಹಾಗೆ ನಿನ್ನನ್ನೇ ಇಟ್ಕೊಂಡಿದ್ವಿ."

"ರೀ." ದನಿ ತಗ್ಗಿತು. "ಇನ್ನು ನಲವತ್ತೈದು ದಿನ ಕೊಡಿ."

"ಏನು ಮಾಡ್ತೀಯ?"

"ಏನೂ ಮಾಡಲ್ಲ. ಅದೇ ಚಿಕಿತ್ಸೆ. ಮುಟ್ಟೋದೇ ಇಲ್ಲ."

"ನೀನು? ಮುಟ್ಟದೇ? ನಮ್ಮ ಮದುವೇಲಿ ಫೋಟೋ ತೆಗೆಯೋಕೆ ಬಂದವನ ಕೈ ತೊಳೆಸಿದವಳು ನೀನು."

"ಅವನ ಉಗುರು ನೋಡಿದ್ರಾ ನೀವು? ಅದಿರಲಿ. ನಾನು ಇಲ್ಲೀವರೆಗೆ ಯಾವುದರಲ್ಲೂ ಸೋತಿಲ್ಲ ಕಣ್ರೀ. ಇದೊಂದರಲ್ಲಿ ಸೋಲಿಸ್ಬೇಡಿ. ಬೆರಳೂ ತಾಗಿಸಲ್ಲ, ಆಣೆ ಮಾಡ್ತೀನಿ."

ಇಪ್ಪತ್ತು ವರ್ಷದಲ್ಲಿ ಹೆಂಡತಿ ತಮ್ಮನ್ನು ಏನನ್ನಾದರೂ ಬೇಡಿಕೊಂಡದ್ದು ಇದೇ ಮೊದಲು ಎಂದು ಗಂಡನಿಗೆ ಹೊಳೆದಿರಬೇಕು, ಮುಖ ಮೆತ್ತಗಾಯಿತು. "ಸರಿ" ಎನ್ನಲು ಬಾಯಿ ತೆರೆದವರು ಹಾಗೇ ನಿಂತರು. ಮರಿ ಮಾರುವಾತ ಮೆಲ್ಲಗೆ ಎದ್ದು, ತನ್ನ ಚೀಲವನ್ನು ವಾಪಸ್ ಕೈಗೆತ್ತಿಕೊಂಡ. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಸಿಸ್ಟರ್ ಕೂಡ ಅತ್ತ ತಿರುಗಿದರು. ಅವರದೇ ಬಲಗೈ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಪಂಪಿನ ಕೊಳವೆಯ ಬಾಯಲ್ಲಿ ಕಟ್ಟಿದ್ದ ಪಾಚಿಯನ್ನು ಎರಡನೇ ಗೆಣ್ಣಿನವರೆಗೂ ಒಳಗೆ ಹೋಗಿ ಒರೆಸುತ್ತಿತ್ತು.

ಗಂಡ ಲೋಟವನ್ನು ಗೋಡೆಯ ಮೇಲಿಟ್ಟರು. ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು, ಒಂದು ತುದಿಯನ್ನು ಹೆಂಡತಿಯ ಎಡಗೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೋ" ಎಂದರು. ಸಿಸ್ಟರ್ ಹಿಡಿದುಕೊಂಡರು. ತೊಟ್ಟಿಯ ಈ ಬದಿಯಿಂದ ಆ ಬದಿಯ ಗೋಡೆಗೆ ಟೇಪು ಪೂರ್ತಿ ಎರಡು ಸಲ ಹೋಗಿ, ಮೂರನೇ ಸಲಕ್ಕೆ ಸ್ವಲ್ಪ ಬೇಕಾಯಿತು. ಹತ್ತು ಅಡಿ ನಾಲ್ಕು ಇಂಚು.