ಮಂಗಳವಾರದ ಬದನೇಕಾಯಿ ಕಲೆ

ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನ ಯಜಮಾನ ಗುರುಶಾಂತಪ್ಪನಿಗೆ ಆ ಬುಧವಾರ ಬೆಳಿಗ್ಗೆ ಮೊದಲು ಕಂಡಿದ್ದು ದೋಸೆಯಲ್ಲ... ದೋಸೆ ಹುಯ್ಯುವ ಕೊಟ್ರಯ್ಯನ ಬೆರಳು.

ಬೆರಳ ತುದಿಯಲ್ಲಿ ಕಪ್ಪು ಕಲೆ. ಬದನೇಕಾಯಿ ಹೆಚ್ಚಿದವರ ಕೈಗೆ ಹತ್ತುತ್ತದಲ್ಲ, ಅದೇ ಕಲೆ.

ಅವರ ಹೋಟೆಲಿಗೆ ಬದನೇಕಾಯಿ ಬರುವುದೇ ಇಲ್ಲ. ಹಿಂದಿನ ದಿನ ಮಂಗಳವಾರ, ಹೋಟೆಲಿಗೆ ರಜ.

ಹಾಗಾದರೆ ಇವನು ಎಲ್ಲಿ ಕೈ ಹಾಕಿ ಬಂದ?

ಗುರುಶಾಂತಪ್ಪನ ಎದೆಯಲ್ಲಿ ಒಂದು ಹುಳ ಹೊಕ್ಕಿತು. ಮುಂದಿನ ರಸ್ತೆಯಲ್ಲಿ ಹೊಸದೊಂದು ಹೋಟೆಲ್ ತೆರೆದು ಮೂರು ತಿಂಗಳಾಗಿತ್ತು. ಹಿಟ್ಟಿನ ಹದ ಅವ್ವನಿಂದ ತನಗೆ ಬಂದದ್ದು, ತನ್ನಿಂದ ಕೊಟ್ರಯ್ಯನಿಗೆ ಹೋದದ್ದು. ಮೂರನೆಯವರಿಗೆ ಗೊತ್ತಿಲ್ಲ. ಇವನೇನಾದರೂ ಅದನ್ನು ಅಲ್ಲಿಗೆ ಮಾರಿಬಿಟ್ಟನೋ?

"ನಿನ್ನೆ ಎಲ್ಲಿಗೆ ಹೋಗಿದ್ದೆಯೋ?"

"ಹಿಂಗೇ... ಒಂದೀಟು ತಿರುಗಾಡಾಕೆ ರೀ, ಸಾವ್ಕಾರ್ರೆ."

ಕಣ್ಣು ತಪ್ಪಿಸಿ ಹೇಳಿದ. ಹುಳ ಇನ್ನೊಂದು ಇಂಚು ಒಳಗೆ ಹೋಯಿತು.

ಕೊಟ್ರಯ್ಯ ಒಂಟಿ ಜೀವ. ಹನ್ನೊಂದು ವರ್ಷದಿಂದ ಸೌದೆ ಒಲೆಯ ಮುಂದೆ ನಿಂತವನು. ಪಾಪ, ದಣಿಯುತ್ತಾನೆ ಅಂತಲೇ ಗುರುಶಾಂತಪ್ಪ ಮಹಡಿ ಮೇಲೆ ಅವನಿಗೊಂದು ರೂಮು ಮಾಡಿಸಿದ್ದ. ಮಂಚ, ಫ್ಯಾನು, ಕಿಟಕಿಗೆ ಪರದೆ... "ಮಂಗಳವಾರ ಬಾಗಿಲು ಹಾಕ್ಕೊಂಡು ಮಲಗಪ್ಪ. ಒಂದು ನರಪಿಳ್ಳೆ ಬರಲ್ಲ" ಅಂದಿದ್ದ.

ಗಲ್ಲಾದಲ್ಲಿ ಕೂತು ದಿನವಿಡೀ ಸಾವಿರ ಜನರ ಜೊತೆ ನಗಬೇಕಾದ ಗುರುಶಾಂತಪ್ಪನಿಗೆ ಅಂಥದೊಂದು ರೂಮು ಅಂದರೆ ಸ್ವರ್ಗ.

ಆದರೆ ಕೊಟ್ರಯ್ಯ ಆಷಾಢದ ನಾಲ್ಕು ಮಂಗಳವಾರ ಮಾತ್ರ ಅಲ್ಲಿ ಮಲಗಿದ. ಆ ನಾಲ್ಕು ಬುಧವಾರವೂ ಮುಖ ಸೊರಗಿತ್ತು, ದೋಸೆ ಸೀದಿತ್ತು. ಶ್ರಾವಣ ಬಂದದ್ದೇ ತಡ, ಮಂಗಳವಾರ ರೂಮಿಗೆ ಬೀಗ. ಬುಧವಾರ ಬೆರಳಲ್ಲಿ ಕಲೆ... ಮುಖದಲ್ಲಿ ಕಳೆ!

ಮಲಗಿದವನು ಸೊರಗುವುದು, ಸುತ್ತಿದವನು ಅರಳುವುದು... ಇದರಲ್ಲಿ ಏನೋ ಇದೆ.

ಗುರುಶಾಂತಪ್ಪ ಹರಿಹರದ ಬೇರೊಬ್ಬ ದೋಸೆಯವನಿಗೆ ಫೋನ್ ಮಾಡಿ, "ಮುಂದಿನ ಬುಧವಾರದಿಂದ ಬಂದುಬಿಡು" ಅಂದ. ಕಣ್ಣಾರೆ ಕಂಡು, ಮುಖಾಮುಖಿ ಕೇಳಿ ಕೆಲಸದಿಂದ ಕಳಿಸೋಣ ಅಂತ ಮಂಗಳವಾರ ಮಧ್ಯಾಹ್ನ ಕೊಟ್ರಯ್ಯನ ಬೆನ್ನು ಹತ್ತಿದ.

ಕೊಟ್ರಯ್ಯ ಹೊಸ ಹೋಟೆಲಿನ ಮುಂದೆ ಬಂದ... ಆದರೆ ಅವನು ಅತ್ತ ತಿರುಗಿಯೂ ನೋಡದೆ ಮುಂದೆ ಹೋದ. ಒಂದು ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ ನುಗ್ಗಿದ.

ಓಹೋ, ಅಡುಗೆ ಕಂಟ್ರಾಕ್ಟು! ಗುರುಶಾಂತಪ್ಪನೂ ನುಗ್ಗಿದ.

ಒಳಗೆ ಚಾಪೆ ಹಾಸಿತ್ತು. ಮರುದಿನದ ಮದುವೆಗೆ ತರಕಾರಿ ಹೆಚ್ಚಲು ಓಣಿಯ ಇಪ್ಪತ್ತು-ಮೂವತ್ತು ಮಂದಿ ದುಂಡಗೆ ಕೂತಿದ್ದರು. ನಡುವೆ ಕೊಟ್ರಯ್ಯ, ಮುಂದೆ ಬದನೇಕಾಯಿ ರಾಶಿ.

"ಏ ಕೊಟ್ರಾ, ಇಷ್ಟು ಸಣ್ಣಗೆ ಹೆಚ್ಚಿದ್ರೆ ಬೀಗರು ಎಲೆಯಾಗ ಬದನೇಕಾಯಿ ಹುಡುಕಬೇಕಾಗತೈತಿ!" ಅಂದಳು ನೀಲಮ್ಮ ಎಂಬ ಮುದುಕಿ.

"ಹುಡುಕ್ಲಿ ಬಿಡಬೇ... ಅಲ್ಲೀತನ ಜಗಳ ಆಡಾದು ಮರೀತಾರೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊಟ್ರಯ್ಯನೂ ನಕ್ಕ.

ಗುರುಶಾಂತಪ್ಪ ನಿಂತಲ್ಲೇ ನಿಂತ. ಹನ್ನೊಂದು ವರ್ಷದಲ್ಲಿ ಆ ನಗು ಅವನ ಕಿವಿಗೆ ಬಿದ್ದೇ ಇರಲಿಲ್ಲ.

"ಯಾರ ಕಡೇರ್ರಿ ನೀವು? ಯಾರ ಕಡೇರಾದ್ರೂ ಆಗ್ರಿ, ಸುಮ್ನೆ ನಿಲ್ಲೋರಿಗೆ ಇಲ್ಲಿ ಜಾಗ ಇಲ್ಲ" ಅಂತ ನೀಲಮ್ಮ ಅವನ ಕೈಗೂ ಒಂದು ಚಾಕು ಕೊಟ್ಟು, ಕುಂಬಳಕಾಯಿ ಹೋಳು ಮುಂದಿಟ್ಟಳು.

ಯಜಮಾನನನ್ನು ಕಂಡು ಕೊಟ್ರಯ್ಯನ ಕೈ ನಿಂತಿತು.

"ಎಷ್ಟು ಕೊಡ್ತಾರೋ ಇಲ್ಲಿ?" ಗುರುಶಾಂತಪ್ಪ ಪಕ್ಕದಲ್ಲಿ ಕೂತು ಪಿಸುಗುಟ್ಟಿದ.

"ಚಹಾ, ಮಂಡಕ್ಕಿ ರೀ. ಯಾರ ಮದುವೆ ಅಂತಾನೂ ನಂಗೆ ಗೊತ್ತಿಲ್ಲ."

"ಮತ್ತೆ ರೂಮು ಮಾಡಿಸಿಕೊಟ್ಟಿದ್ನಲ್ಲೋ... ಮಲಗೋದು ಬಿಟ್ಟು?"

ಕೊಟ್ರಯ್ಯ ಬದನೇಕಾಯಿ ನೋಡುತ್ತಾ ಮೆಲ್ಲಗೆ ಹೇಳಿದ.

"ರೂಮು ಚಲೋ ಐತ್ರಿ. ಆಷಾಢದಾಗೆ ಮದುವೆ ಇರಲಿಲ್ಲ, ಮಲಗಿ ನೋಡಿದೆ. ಆದ್ರೆ ಸಾವ್ಕಾರ್ರೆ... ಒಲೆ ಇರೋದು ಗೋಡೆ ಕಡೆ. ವಾರದಾಗೆ ಆರು ದಿನ ಗೋಡೆ ನೋಡ್ತೀನಿ. ಏಳನೇ ದಿನಾನೂ ಗೋಡೇನೇ ನೋಡಬೇಕೇನ್ರಿ? ನನ್ನ ದೋಸೆ ತಿಂದೋರ ಮುಖಾನೇ ನಾನು ನೋಡಿಲ್ಲ."

"ಹೇಳಬಾರದಿತ್ತೇನೋ?"

"ನೀವು ಪ್ರೀತಿಯಿಂದ ಮಾಡಿಸಿದ್ರಿ... ಹೆಂಗ್ ಹೇಳ್ಲಿ?"

ಈರುಳ್ಳಿ ಹೆಚ್ಚುವವರು ಕೂತಿದ್ದದ್ದು ಅತ್ತ, ಬಾಗಿಲ ಹತ್ತಿರ. ಗುರುಶಾಂತಪ್ಪನ ಮುಂದೆ ಇದ್ದದ್ದು ಬರೀ ಕುಂಬಳಕಾಯಿ...

ಆದರೂ ಅವನು ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಅಲ್ಲಿಂದಲೇ ಹರಿಹರಕ್ಕೆ ಫೋನ್ ಮಾಡಿ, "ಬರಬೇಡಪ್ಪ, ತಪ್ಪು ನಂದೇ" ಅಂದ. ಆ ವಾರವೇ ಗಾರೆಯವನನ್ನು ಕರೆಸಿ ಒಲೆ ಕೀಳಿಸಿ, ಜನರ ಕಡೆಗೆ ಮುಖ ಮಾಡಿ ಕಟ್ಟಿಸಿದ. ಈಗ ಕೊಟ್ರಯ್ಯ ದೋಸೆ ತಿರುವಿಹಾಕುತ್ತಾ, "ಯಾಕ್ರೀ ಮೇಷ್ಟ್ರೇ, ಇವತ್ತು ಒಂದೇ ದೋಸೆಗೆ ಕೈ ತೊಳ್ದ್ರಿ?" ಅಂತ ಕೂಗುತ್ತಾನೆ.

ಮಹಡಿಯ ರೂಮು ಖಾಲಿ ಬಿದ್ದಿಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ ಗುರುಶಾಂತಪ್ಪ ಮೇಲೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ.

ಮೊನ್ನೆ ಹೆಂಡತಿ ಸರ್ವಮಂಗಳ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಳಂತೆ... "ದಿನಾ ಒಂದು ತಾಸು! ಯಾರು ಅದಾರೆ ಒಳಗೆ?"

"ಯಾರೂ ಇಲ್ಲ ಕಣೆ... ಅದೇ ಸುಖ!"

*ಇನ್ನೊಬ್ಬರಿಗೆ ಹಾಸಿಗೆ ಹಾಸುವ ಮೊದಲು, ಅವರು ದಣಿದಿರುವುದು ಯಾವುದರಿಂದ ಎಂದು ಕೇಳಿ.*

ನಿಮ್ಮ ಮನೆಯಲ್ಲಿ ವಾರವಿಡೀ ಗೋಡೆ ನೋಡುತ್ತಾ ನಿಂತವರು ಯಾರು... ಇಷ್ಟು ದಿನ ಅವರಿಗೆ ನೀವು ಕೊಟ್ಟದ್ದು ಅವರಿಗೆ ಬೇಕಾದ ವಿಶ್ರಾಂತಿಯೋ, ನಿಮಗೆ ಬೇಕಾದದ್ದೋ?